ಕಂದಾಯ ನೌಕರರ ಅಹವಾಲು ಕೇಳುವವರು ಯಾರು?

ಕಂದಾಯ ಇಲಾಖೆಯ ಹೆಸರಿನಲ್ಲಿ ಮಾತ್ರ ಕಂದಾಯ ಉಳಿದಿದೆ. ರಾಜ್ಯದ ಸ್ವಂತ ತೆರಿಗೆ ಆದಾಯದಲ್ಲಿ ಭೂಕಂದಾಯದ ಪಾಲು ಇಂದು ಶೇಕಡಾ ಒಂದರಷ್ಟೂ ಇಲ್ಲ. ಆದರೂ ಈ ಇಲಾಖೆಯ ಕಟ್ಟಕಡೆಯ ನೌಕರನು ಕೆಲಸ ನಿಲ್ಲಿಸಿದರೆ ಹಳ್ಳಿಯ ಬದುಕು ಹೇಗೆ ತಡವರಿಸುತ್ತದೆ ಎಂಬುದನ್ನು 2024ರ ಸೆಪ್ಟೆಂಬರ್ ಕೊನೆಯ ವಾರದಲ್ಲಿಯೂ 2025ರ ಫೆಬ್ರುವರಿಯಲ್ಲಿಯೂ ಕರ್ನಾಟಕ ಕಂಡಿತು. ಗ್ರಾಮ ಆಡಳಿತ ಅಧಿಕಾರಿಗಳ ಸಂಘವು ಐದು ತಿಂಗಳೊಳಗೆ ಎರಡು ಬಾರಿ ರಾಜ್ಯವ್ಯಾಪಿ ಮುಷ್ಕರ ಹೂಡಿತು. ಅವರ ಬೇಡಿಕೆಗಳ ಪಟ್ಟಿಯಲ್ಲಿ ಕುರ್ಚಿ, ಮೇಜು, ಬೀರು, ಲ್ಯಾಪ್‌ಟಾಪ್, ಮೊಬೈಲ್, ಪ್ರಿಂಟರ್‌ಗಳಿದ್ದವು. ರಾಜ್ಯದ ಅತ್ಯಂತ ಹಳೆಯ ಇಲಾಖೆಯ ನೌಕರರು ಕುಳಿತುಕೊಳ್ಳಲು ಕುರ್ಚಿ ಬೇಕೆಂದು ಬೀದಿಗಿಳಿಯಬೇಕಾಯಿತು ಎಂಬುದೇ ಯೋಚಿಸಬೇಕಾದ ಸಂಗತಿ.

ಅಣ್ಣಿಗೇರಿ, ನವಲಗುಂದ, ಕುಂದಗೋಳದ ಕಡೆ ಜನ ಈ ಅಧಿಕಾರಿಯನ್ನು ಇವತ್ತಿಗೂ ತಲಾಟಿ ಎಂದೇ ಕರೆಯುತ್ತಾರೆ. ಮುಂಬೈ ಪ್ರಾಂತ್ಯದ ಕಾಲದ ಆ ಹೆಸರಿಗಿಂತ ಮೊದಲು ಕುಲಕರ್ಣಿ, ಗೌಡರ ವಂಶಪಾರಂಪರ್ಯ ವತನಗಳಿದ್ದವು. 1961ರ ಗ್ರಾಮ ಅಧಿಕಾರ ರದ್ದಿಯಾತಿ ಕಾಯ್ದೆ ಆ ವತನಗಳನ್ನು ಅಳಿಸಿತು. 1964ರ ಭೂಕಂದಾಯ ಕಾಯ್ದೆ ಸಂಬಳ ಪಡೆಯುವ, ವರ್ಗಾವಣೆಗೆ ಒಳಪಡುವ ಗ್ರಾಮ ಲೆಕ್ಕಿಗನನ್ನು ಇಡೀ ರಾಜ್ಯಕ್ಕೆ ಒಂದೇ ಅಚ್ಚಿನಲ್ಲಿ ರೂಪಿಸಿತು. ವತನದಾರನಿಗೆ ಸಂಘ ಬೇಕಿರಲಿಲ್ಲ, ಹಳ್ಳಿಯೇ ಅವನ ಕೈಯಲ್ಲಿತ್ತು. ಸಂಬಳದಾರನಿಗೆ ಸಂಘ ಬೇಕಾಯಿತು.

ಆಗ ಅವನ ಕೆಲಸ ಸ್ಪಷ್ಟವಾಗಿತ್ತು. ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಲಮುಗಳು, ವರ್ಷಕ್ಕೊಮ್ಮೆ ಜಮಾಬಂದಿ. ಬಾಕಿ ಉಳಿದರೆ ತಹಶೀಲ್ದಾರರ ಕೋಪ, ಬಿಗಿಯಾಗಿ ವಸೂಲಿ ಮಾಡಿದರೆ ಊರವರ ಕೋಪ. ಈ ಎರಡು ಕೋಪಗಳ ನಡುವಣ ಜಾಗ ಎಷ್ಟು ಇಕ್ಕಟ್ಟಿನದು ಎಂಬುದನ್ನು 1980ರ ಜುಲೈ 21 ತೋರಿಸಿಕೊಟ್ಟಿತು. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಎಂಬ ಸುಧಾರಣಾ ಕರ ಮತ್ತು ನೀರಿನ ಕರದ ವಸೂಲಿ ಬಂದಿತ್ತು. ನವಲಗುಂದ, ನರಗುಂದಗಳಲ್ಲಿ ರೈತರು ತಾಲ್ಲೂಕು ಕಚೇರಿಗಳಿಗೆ ಮುತ್ತಿಗೆ ಹಾಕಿದರು. ಗೋಲಿಬಾರಿನಲ್ಲಿ ರೈತರು ಸತ್ತರು, ನರಗುಂದದಲ್ಲಿ ಜನರ ಸಿಟ್ಟಿಗೆ ಪೊಲೀಸರೂ ಬಲಿಯಾದರು. ಅಣ್ಣಿಗೇರಿ ಆಗ ನವಲಗುಂದ ತಾಲ್ಲೂಕಿಗೇ ಸೇರಿತ್ತು. ನಾನು ಧಾರವಾಡದಲ್ಲಿ ಅರ್ಥಶಾಸ್ತ್ರದ ಎಂ.ಎ. ವಿದ್ಯಾರ್ಥಿ, ತರಗತಿಯಲ್ಲಿ ತೆರಿಗೆಯ ಹೊರೆ ಯಾರ ಮೇಲೆ ಬೀಳುತ್ತದೆಂದು ಓದುತ್ತಿದ್ದೆವು. ಗುಂಡೂರಾವ್ ಸರ್ಕಾರ ವಸೂಲಿ ನಿಲ್ಲಿಸಿ ರಿಯಾಯಿತಿಗಳನ್ನು ಘೋಷಿಸಬೇಕಾಯಿತು. ಆ ಕರ ಎಷ್ಟಿರಬೇಕು, ಯಾವಾಗ ಕೇಳಬೇಕು ಎಂಬುದರಲ್ಲಿ ಕೆಳಹಂತದ ಕಂದಾಯ ನೌಕರನ ಪಾತ್ರ ಏನೂ ಇರಲಿಲ್ಲ. ಊರಿಗೆ ಹೋಗಿ ಮುಖ ತೋರಿಸುವ ಪಾಳಿ ಮಾತ್ರ ಅವನದಾಗಿತ್ತು.

ಎರಡನೆಯ ತಿರುವು ಭೂಮಿ ಯೋಜನೆ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು ಈ ಶತಮಾನದ ಆರಂಭದಲ್ಲಿ ಗಣಕಯಂತ್ರಕ್ಕೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕೇಂದ್ರದ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಸಿಗತೊಡಗಿತು. ತಲಾಟಿಯ ಬ್ಯಾಗಿನಲ್ಲಿ ಊರಿನ ದಾಖಲೆಯೆಲ್ಲ ತಿರುಗುತ್ತಿದ್ದ ಕಾಲದಲ್ಲಿ ಒಂದು ಉತಾರಕ್ಕೆ ರೈತ ಎಷ್ಟು ತೆರಬೇಕಾಗುತ್ತಿತ್ತು ಎಂಬುದನ್ನು ಬಲ್ಲವರು ಈ ಸುಧಾರಣೆಯನ್ನು ಹಳಿಯಲಾರರು. ನಾನಂತೂ ಹಳಿಯುವುದಿಲ್ಲ.

ಆದರೆ ಅಧಿಕಾರವನ್ನು ಕಿತ್ತುಕೊಂಡ ಅದೇ ಯಂತ್ರ ಇಪ್ಪತ್ತು ವರ್ಷಗಳ ನಂತರ ದುಡಿಮೆಯ ರೂಪದಲ್ಲಿ ಮರಳಿ ಬಂತು. ಆಧಾರ್ ಜೋಡಣೆಗೆ ಒಂದು ಆ್ಯಪ್, ಸರ್ಕಾರಿ ಜಮೀನಿನ ಗಸ್ತಿಗೆ ಒಂದು, ಬಗರ್‌ಹುಕುಂ ಅರ್ಜಿಗೆ ಇನ್ನೊಂದು, ಬೆಳೆ ಸಮೀಕ್ಷೆಗೆ ಮತ್ತೊಂದು. ಹೀಗೆ ಹದಿನೇಳಕ್ಕೂ ಹೆಚ್ಚು ತಂತ್ರಾಂಶಗಳು ತಮ್ಮ ಹೆಗಲೇರಿವೆ ಎಂದು ಸಂಘ ಹೇಳಿತು. ಅಣ್ಣಿಗೇರಿಯ ಎರೆಹೊಲದಲ್ಲಿ ಮಳೆಗಾಲಕ್ಕೆ ಕಾಲಿಟ್ಟವರಿಗೆ ಇದರ ಅರ್ಥ ಗೊತ್ತು. ಹೆಸರು ಬೆಳೆ ನೀರುಪಾಲಾದಾಗ ಹಾನಿಯ ಚಿತ್ರವನ್ನು ಆಯಾ ಹೊಲದಲ್ಲೇ ನಿಂತು ತೆಗೆಯಬೇಕು. ಮೋಟಾರ್ ಸೈಕಲ್ಲಿನ ಗಾಲಿಗೆ ಮಣ್ಣು ಮೆತ್ತಿ ನಡೆಯೇ ಗತಿಯಾಗುತ್ತದೆ, ಸಿಗ್ನಲ್ ಸಿಗುವುದಿಲ್ಲ, ಬ್ಯಾಟರಿ ಉಳಿಯುವುದಿಲ್ಲ. ಸಂಜೆಗೆ ಮೇಲಿನಿಂದ ವಿಡಿಯೊ ಸಭೆ. ಇಷ್ಟು ಶೇಕಡಾ ಯಾಕೆ ಆಗಲಿಲ್ಲ ಎಂಬ ಪ್ರಶ್ನೆ. ಹಳೆಯ ಬೇಡಿಕೆ-ವಸೂಲಿ-ಬಾಕಿಯ ತಖ್ತೆಯೇ ಹೊಸ ವೇಷದಲ್ಲಿ ಬಂದಿದೆ. ವಸೂಲಿಯಾಗುತ್ತಿರುವುದು ಈಗ ನೌಕರನ ಸಮಯ.

ಇಂಥ ಪ್ರಶ್ನೆ ಬ್ಯಾಂಕಿನಲ್ಲೋ ಗಿರಣಿಯಲ್ಲೋ ಎದ್ದರೆ ಮೇಜಿನ ಆಚೆ ಬದಿಗೆ ಆಡಳಿತ ವರ್ಗ ಕುಳಿತಿರುತ್ತದೆ. ಕಂದಾಯ ಇಲಾಖೆಯಲ್ಲಿ ಆಚೆ ಬದಿಗೆ ಕೂರುವವರು ಯಾರು? ಗ್ರಾಮ ಆಡಳಿತ ಅಧಿಕಾರಿಗೆ ದಿನನಿತ್ಯ ಆಜ್ಞೆ ಮಾಡುವವರು ತಹಶೀಲ್ದಾರರು, ನೇಮಕಾತಿ ಮಾಡುವವರು ಜಿಲ್ಲಾಧಿಕಾರಿ. ಆ್ಯಪ್ ರೂಪಿಸುವುದು ಬೆಂಗಳೂರಿನಲ್ಲಿ. ಹಣ ಆರ್ಥಿಕ ಇಲಾಖೆಯದು, ವರ್ಗಾವಣೆಯ ನಿಯಮ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯದು. 2017ರಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಅಣ್ಣಿಗೇರಿಯೂ ಒಂದು. ತಾಲ್ಲೂಕು ಸಣ್ಣದಾದರೆ ಆಡಳಿತ ಜನರಿಗೆ ಹತ್ತಿರವಾಗುತ್ತದೆ ಎಂಬುದು ಅದರ ಹಿಂದಿನ ತರ್ಕ, ಅದು ಸರಿಯೂ ಹೌದು. ಆದರೆ ನೌಕರನ ಅಹವಾಲಿಗೆ ಉತ್ತರ ಕೊಡಬಲ್ಲ ಕಚೇರಿ ಒಂದು ಮೈಲಿಯಷ್ಟೂ ಹತ್ತಿರವಾಗಲಿಲ್ಲ.

ಧಾರವಾಡ ಸೀಮೆಯ ಒಂದು ತಾಲ್ಲೂಕಿನಲ್ಲಿ ನಾನು ತಹಶೀಲ್ದಾರನಾಗಿದ್ದಾಗ ಸಂಘದವರು ಮನವಿ ಹಿಡಿದು ಬಂದಿದ್ದರು. ಒಂದು ತಾಸು ಮಾತನಾಡಿದೆವು. ಹೊರಡುವಾಗ ಅವರಲ್ಲಿ ಹಿರಿಯರೊಬ್ಬರು, “ಸಾಹೇಬ್ರ, ನೀವು ಎಲ್ಲಾ ಕೇಳಿದ್ರಿ, ಛಲೋ ಆತು. ಆದ್ರ ನಿಮ್ಮ ಕೈಯಾಗರ ಏನೈತ್ರಿ?” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ, ಮರುಕದಿಂದ. ಆ ಮನವಿಯ ಹದಿನಾಲ್ಕು ಬೇಡಿಕೆಗಳಲ್ಲಿ ನನ್ನ ಅಧಿಕಾರದೊಳಗೆ ಬರುತ್ತಿದ್ದವು ಎರಡು: ಭಾನುವಾರದ ಸಭೆ ಕರೆಯದಿರುವುದು, ಮತ್ತು ಪ್ರವಾಸ ಭತ್ಯೆಯ ಬಿಲ್ಲನ್ನು ತಿಂಗಳೊಳಗೆ ಮಂಜೂರು ಮಾಡುವುದು. ಎರಡನ್ನೂ ಮಾಡಿದೆ. ಉಳಿದ ಹನ್ನೆರಡನ್ನು ‘ಸೂಕ್ತ ಕ್ರಮಕ್ಕಾಗಿ’ ಮೇಲಕ್ಕೆ ಕಳುಹಿಸಿದೆ. ಸೂಕ್ತ ಕ್ರಮ ಎಂಬ ಪದಗಳಿಗೆ ನಮ್ಮ ಆಡಳಿತ ಭಾಷೆಯಲ್ಲಿ ಏನರ್ಥವೆಂದು ಓದುಗರಿಗೆ ವಿವರಿಸಬೇಕಿಲ್ಲ.

ಸರ್ಕಾರವೇ ಧಣಿಯಾದಾಗ ಮಾತುಕತೆ ನಡೆಸುವುದು ಹೇಗೆ ಎಂಬ ಪ್ರಶ್ನೆ ಹೊಸದಲ್ಲ. ಮೊದಲ ಮಹಾಯುದ್ಧದ ಕಾಲದ ಬ್ರಿಟನ್ನಿನಲ್ಲಿ ವಿಟ್ಲಿ ಸಮಿತಿಯ ಸಲಹೆಯಂತೆ ನೌಕರರೂ ಅಧಿಕಾರಿಗಳೂ ಸಮನಾಗಿ ಕೂರುವ ಮಂಡಳಿಗಳು ಹುಟ್ಟಿದವು. ನಮ್ಮ ಕೇಂದ್ರ ಸರ್ಕಾರ 1960ರ ಜುಲೈನ ದೊಡ್ಡ ಮುಷ್ಕರದ ಬಿಸಿ ಕಂಡ ಮೇಲೆ, 1966ರಲ್ಲಿ, ಅದೇ ಮಾದರಿಯ ಜಂಟಿ ಸಮಾಲೋಚನಾ ವ್ಯವಸ್ಥೆಯನ್ನು ತಂದಿತು. ರಾಷ್ಟ್ರಮಟ್ಟ, ಇಲಾಖೆ, ಪ್ರಾದೇಶಿಕ ಕಚೇರಿ ಎಂದು ಮೂರು ಹಂತಗಳು. ವೇತನ-ಭತ್ಯೆ, ವಾರದ ಕೆಲಸದ ಅವಧಿ, ರಜೆ ಇವುಗಳಲ್ಲಿ ಒಮ್ಮತ ಮೂಡದಿದ್ದರೆ ಪಂಚಾಯಿತಿಗೆ ಒಪ್ಪಿಸುವ ಕಡ್ಡಾಯವೂ ಅದರಲ್ಲಿದೆ. ಆದಾಯ ತೆರಿಗೆ ಇಲಾಖೆಯ ಗುಮಾಸ್ತನಿಗೆ ಸಿಕ್ಕ ಕೇಂದ್ರದ ಈ ಮೆಟ್ಟಿಲು ಅಣ್ಣಿಗೇರಿಯ ತಲಾಟಿಗೆ ಅನ್ವಯಿಸುವುದಿಲ್ಲ. ಅವನಿಗಿರುವುದು ಮನವಿ ಪತ್ರ, ಕಪ್ಪು ಪಟ್ಟಿ, ಕಡೆಗೆ ಶಾಮಿಯಾನ.

ಮುಷ್ಕರದ ದಾರಿಯಾದರೂ ತೆರೆದಿದೆಯೇ ಎಂದರೆ ಕಾನೂನಿನ ಪ್ರಕಾರ ಅದೂ ಇಲ್ಲ. ತಮಿಳುನಾಡು ಸರ್ಕಾರ 2003ರಲ್ಲಿ ಲಕ್ಷಕ್ಕೂ ಹೆಚ್ಚು ನೌಕರರನ್ನು ಒಂದೇ ಏಟಿಗೆ ವಜಾ ಮಾಡಿದಾಗ ಆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ ಹಕ್ಕಿಲ್ಲ, ಶಾಸನಬದ್ಧ ಹಕ್ಕಿಲ್ಲ, ನೈತಿಕ ಹಕ್ಕೂ ಇಲ್ಲ ಎಂದು ನ್ಯಾಯಾಲಯ ಹೇಳಿತು. ನೈತಿಕತೆಯ ಮಾತನ್ನು ನಾನು ಗೌರವದಿಂದಲೇ ಒಪ್ಪಲಾರೆ. ಹಕ್ಕಿಲ್ಲ ಎಂದ ಮೇಲೂ ಮುಷ್ಕರಗಳು ನಡೆಯುತ್ತಿವೆ, ಫಲವನ್ನೂ ಕೊಡುತ್ತಿವೆ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸಕ್ಕೆ ಗೈರಾದರು. ಅದೇ ದಿನ ಬೊಮ್ಮಾಯಿ ಸರ್ಕಾರ ಮೂಲ ವೇತನದ ಶೇಕಡಾ 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರ ಅಂದೇ ಮುಗಿಯಿತು. ಎರಡು ತಿಂಗಳಲ್ಲಿ ವಿಧಾನಸಭಾ ಚುನಾವಣೆಯಿತ್ತು ಎಂಬುದನ್ನು ಮರೆಯಬಾರದು. ಚುನಾವಣೆಯ ಹೊಸ್ತಿಲಲ್ಲಿ ಒಂದು ದಿನಕ್ಕೆ ಸಿಗುವ ಬೆಲೆ ಉಳಿದ ವರ್ಷಗಳಲ್ಲಿ ಒಂದು ತಿಂಗಳಿಗೂ ಸಿಗುವುದಿಲ್ಲವೆಂದಾದರೆ ಸಂಘಗಳು ಪಂಚಾಂಗ ನೋಡಿಯೇ ಮುಷ್ಕರ ಹೂಡುತ್ತವೆ.

ಸಂಘದ ಪಾಲಿನ ತಪ್ಪನ್ನೂ ಹೇಳಬೇಕು. ಗಿರಣಿಯ ಮುಷ್ಕರದಲ್ಲಿ ನಷ್ಟ ಮಾಲೀಕನದು. ಇಲ್ಲಿ ಖಜಾನೆಗೆ ನಷ್ಟವಿಲ್ಲ, ಗೈರುಹಾಜರಿಯ ಸಂಬಳ ಉಳಿದರೆ ಲಾಭವೇ. ನಷ್ಟವಾಗುವುದು ಮಗಳ ಕಾಲೇಜು ಪ್ರವೇಶಕ್ಕೆ ಜಾತಿ-ಆದಾಯ ಪ್ರಮಾಣಪತ್ರ ಬೇಕಾದ ಕೂಲಿಯವನಿಗೆ, ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಆಗದೆ ಸೊಸೈಟಿಯ ಸಾಲ ಸಿಗದ ರೈತನಿಗೆ. ಹೀಗಿರುವಾಗ ಸಂಘದ ಬೇಡಿಕೆಗಳ ಪಟ್ಟಿಯಲ್ಲಿ ವಾರದಲ್ಲಿ ಇಂತಿಷ್ಟು ದಿನ, ಇಂತಿಷ್ಟು ಹೊತ್ತು ಚಾವಡಿಯಲ್ಲಿ ಸಿಗುತ್ತೇವೆ ಎಂಬ ಒಂದು ಸಾಲನ್ನೂ ನಾನು ನನ್ನ ಸೇವೆಯ ಅವಧಿಯಲ್ಲಿ ಓದಲಿಲ್ಲ. ಲಂಚದ ಬಲೆಗೆ ಬಿದ್ದ ಸಹೋದ್ಯೋಗಿಯ ವಿಷಯದಲ್ಲಿಯೂ ಸಂಘಗಳದು ಮೌನವೇ. ಊರು ಆ ಮೌನವನ್ನು ಲೆಕ್ಕವಿಟ್ಟಿದೆ. ಶಾಮಿಯಾನದ ಕೆಳಗೆ ನೌಕರರು ಕುಳಿತಾಗ ಊರಿನವರಾರೂ ಬಂದು ಪಕ್ಕದಲ್ಲಿ ಕೂರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಎರಡನೆಯ ಮುಷ್ಕರವೂ ಮುಗಿಯಿತು. ಸರ್ಕಾರ ಲ್ಯಾಪ್‌ಟಾಪ್ ಕೊಡಲು ಮುಂದಾಯಿತು. ಅದು ಸುಲಭದ ಭಾಗ, ವಸ್ತುವನ್ನು ಖರೀದಿಸಿ ಹಂಚಬಹುದು. ಕಷ್ಟದ ಭಾಗ ಅಂತರ ಜಿಲ್ಲಾ ವರ್ಗಾವಣೆ. ಈ ವೃಂದ ಜಿಲ್ಲಾ ಮಟ್ಟದ್ದು, ಒಂದು ಜಿಲ್ಲೆಯಲ್ಲಿ ಸೇರಿದವರು ಅಲ್ಲೇ ಸವೆಯಬೇಕು. ಕಲಬುರಗಿಯಲ್ಲಿ ವೃದ್ಧ ತಂದೆತಾಯಿಯನ್ನು ಬಿಟ್ಟು ಮೈಸೂರು ಕಡೆ ದುಡಿಯುವ ಹೆಣ್ಣುಮಗಳಿಗೆ ಲ್ಯಾಪ್‌ಟಾಪ್ ಏನು ಮಾಡೀತು? ಇನ್ನೂ ಕಷ್ಟದ್ದು, ಹೊಸ ಆ್ಯಪ್ ಹೇರುವ ಮುನ್ನ ಅದಕ್ಕೆ ಎಷ್ಟು ತಾಸು ಹಿಡಿಯುತ್ತದೆ, ಆ ತಾಸುಗಳನ್ನು ಯಾವ ಹಳೆಯ ಕೆಲಸದಿಂದ ತೆಗೆಯಬೇಕು ಎಂದು ನೌಕರರನ್ನು ಕೂರಿಸಿಕೊಂಡು ಕೇಳುವುದು. ಇದಕ್ಕೆ ಹಣ ಬೇಡ, ಕಾನೂನಿನ ತಿದ್ದುಪಡಿಯೂ ಬೇಡ. ಜಿಲ್ಲಾಧಿಕಾರಿ ತಿಂಗಳಿಗೊಮ್ಮೆ ಸಂಘದವರೊಡನೆ ಕೂತು, ನಡಾವಳಿ ಬರೆಸಿ, ಯಾವ ಬೇಡಿಕೆ ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಎಂಬುದನ್ನು ತಾಲ್ಲೂಕು ಕಚೇರಿಯ ಗೋಡೆಗೆ ಹಚ್ಚಿಸಬಹುದು. ಬಾಕಿಯ ತಖ್ತೆ ಬರೆಯುವುದು ಕಂದಾಯ ಇಲಾಖೆಗೆ ಹೊಸದೇನಲ್ಲವಲ್ಲ.