ಷೇರು ವ್ಯವಹಾರವೂ ಮೊದಲ ಪುಸ್ತಕವೂ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಗೃಹಸ್ಥರಿಗೆ ಸಸಿಯನ್ನಾರಿಸುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ಅಡಕೆಯ ತೋಟಕ್ಕೆ ಸಸಿ ತರುವವನು ತಾಯಿಮರ ಯಾವುದು, ಸಸಿಗೆ ವಯಸ್ಸೆಷ್ಟು, ಎಲೆಗಳೆಷ್ಟು, ಬುಡವು ದಪ್ಪವಾಗಿದೆಯೆ ಎಂಬುದನ್ನೆಲ್ಲ ವಿಚಾರಿಸಿಯೇ ತರುತ್ತಾನೆ. ಫಸಲು ಕೈಸೇರಲು ವರ್ಷಗಟ್ಟಲೆ ಕಾಯಬೇಕಾದುದರಿಂದ, ಮೊದಲ ದಿನದ ಅಲಕ್ಷ್ಯಕ್ಕೆ ಮುಂದೆ ದಂಡ ತೆರಬೇಕಾದೀತೆಂಬುದನ್ನು ಅವನು ಬಲ್ಲನು. ಆದರೆ ಅದೇ ಗೃಹಸ್ಥನು ಅಡಕೆ ಮಾರಿದ ಹಣವನ್ನು ಷೇರುಪೇಟೆಯಲ್ಲಿ ತೊಡಗಿಸಹೊರಟಾಗ, ಆ ವಿಷಯವನ್ನರಿಯಲು ಮೊದಲು ಯಾವ ಪುಸ್ತಕವನ್ನು ಹಿಡಿಯಬೇಕೆಂಬುದನ್ನು ಇಷ್ಟು ಎಚ್ಚರದಿಂದ ವಿಚಾರಿಸುವುದು ಅಪರೂಪ.

ಹಣವನ್ನು ಬೇರೆ ಕಡೆಯಲ್ಲಿಯೂ ಇಡಬೇಕೆಂಬ ಯೋಚನೆಯು ತಪ್ಪಲ್ಲ. ಕೊಳೆರೋಗವು ಹಳೆಯ ಶತ್ರು. ಎಲೆಚುಕ್ಕೆರೋಗವು ಈಚಿನ ವರ್ಷಗಳಲ್ಲಿ ಹಬ್ಬಿದ ಹೊಸ ಶತ್ರು. ಬೆಲೆಯ ಏರಿಳಿತವಂತೂ ಎಂದೆಂದಿಗೂ ಇದ್ದದ್ದೇ. ಒಂದೇ ಬೆಳೆಯನ್ನು ನಂಬಿದ ಮನೆತನವು ಉಳಿತಾಯದ ಒಂದು ಭಾಗವನ್ನು ಇನ್ನೊಂದು ಮಾರ್ಗದಲ್ಲಿ ಬೆಳೆಸಬಯಸುವುದು ವಿವೇಕವೇ ಸರಿ. ಆ ಮಾರ್ಗಕ್ಕೆ ದಾರಿ ತೋರಿಸುವವರು ಯಾರು ಎಂಬುದೇ ಪ್ರಶ್ನೆ.

ಹೊಸನಗರದ ಕಡೆಯ ನಮ್ಮ ಆಪ್ತ ಗೃಹಸ್ಥರೊಬ್ಬರು ಬೇಗನೆ ಧನಿಕರಾಗುವ ಉಪಾಯವನ್ನು ತಿಳಿಸುವೆವೆಂದು ಸಾರುವ ಒಂದು ಪುಸ್ತಕವನ್ನು ಕೊಂಡರು. ಅದನ್ನು ನಂಬಿ, ಮಗಳ ವಿದ್ಯಾಭ್ಯಾಸಕ್ಕೆಂದು ತೆಗೆದಿರಿಸಿದ್ದ ಹಣವನ್ನು ಆಪ್ಷನ್ ವ್ಯವಹಾರದಲ್ಲಿ ಹಾಕಿ, ಮಳೆಗಾಲ ಮುಗಿಯುವುದರೊಳಗಾಗಿ ಅದರಲ್ಲಿ ಮುಕ್ಕಾಲು ಪಾಲನ್ನು ಕಳೆದುಕೊಂಡರು. ಅವರ ಗೃಹಿಣಿಯು ನಮ್ಮೊಡನೆ ಹೇಳಿದ ಮಾತು ಇಷ್ಟೆ: “ಸಸಿ ತರುವಾಗ ನಾಲ್ಕು ಊರು ಸುತ್ತುತ್ತಾರೆ, ಈ ಪುಸ್ತಕ ಬರೆದವರು ಯಾರು ಅಂತ ಒಂದು ಸಲವೂ ಕೇಳಲಿಲ್ಲ.”

ಇದು ಅವರೊಬ್ಬರ ಕಥೆಯಲ್ಲ. ಷೇರುಪೇಟೆಯ ಮೇಲ್ವಿಚಾರಣೆಗೆಂದು 1988ರಲ್ಲಿ ಸ್ಥಾಪಿತವಾಗಿ, 1992ರಲ್ಲಿ ಶಾಸನಬದ್ಧ ಅಧಿಕಾರವನ್ನು ಪಡೆದ ‘ಸೆಬಿ’ ಮಂಡಳಿಯು 2024ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿತು. 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ ವ್ಯವಹಾರದಲ್ಲಿ ತೊಡಗಿದ ಬಿಡಿ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ನಷ್ಟವನ್ನನುಭವಿಸಿದರು. ಅವರ ಒಟ್ಟು ನಷ್ಟವು 1.8 ಲಕ್ಷ ಕೋಟಿ ರೂಪಾಯಿಗಳನ್ನು ಮೀರಿತ್ತು. ಆದುದರಿಂದ ಆರಂಭದಲ್ಲಿಯೇ ಈ ವ್ಯವಹಾರಕ್ಕೆ ಕರೆದೊಯ್ಯುವ ಪುಸ್ತಕವನ್ನು ಅಂಗಡಿಯಲ್ಲಿಯೇ ಬಿಟ್ಟುಬರತಕ್ಕದ್ದು.

ಷೇರು ಎಂಬ ಮಾತು ನಮಗೆ ಹೊಸದಲ್ಲವಷ್ಟೆ. 1939ರಲ್ಲಿ ಹುಟ್ಟಿದ ಮ್ಯಾಮ್ಕೋಸ್ ಸಹಕಾರ ಸಂಘದಲ್ಲಿ ನಮ್ಮ ಅನೇಕ ಮನೆಗಳ ಹಿರಿಯರು ಷೇರು ಪಡೆದವರೇ. ಆದರೆ ಸಹಕಾರ ಸಂಘದ ಷೇರು ಬೇರೆ, ಕಂಪೆನಿಯ ಷೇರು ಬೇರೆ. ಸಂಘದಲ್ಲಿ ಷೇರು ಎಷ್ಟೇ ಇದ್ದರೂ ಸದಸ್ಯನಿಗೆ ಒಂದೇ ಮತ. ಆ ಷೇರು ಪೇಟೆಯಲ್ಲಿ ಬಿಕರಿಯಾಗುವುದಿಲ್ಲ. ಕಂಪೆನಿಯಲ್ಲಿ ಷೇರಿನಷ್ಟು ಮತ. ಬೆಲೆಯು ದಿನದಿನವೂ ಹತ್ತಿಳಿಯುತ್ತದೆ. ಕಂಪೆನಿ ಕೆಟ್ಟರೆ ಷೇರಿನ ಬೆಲೆಯೂ ಕೆಡುತ್ತದೆ. ನಮ್ಮ ಜಿಲ್ಲೆಯ ಭದ್ರಾವತಿಯಲ್ಲಿಯೇ 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯ ಷೇರುಗಳನ್ನು ಸಾರ್ವಜನಿಕರೂ ಕೊಂಡಿದ್ದರು. ಅರಮನೆಯ ಆಶ್ರಯದಲ್ಲಿ ಹುಟ್ಟಿ, ಬಳಿಕ ಸರ್ಕಾರದ ಕೈಸೇರಿದ ಆ ಕಾರ್ಖಾನೆಯೂ 2015ರ ಸುಮಾರಿಗೆ ಉತ್ಪಾದನೆಯನ್ನು ನಿಲ್ಲಿಸಿತು. ದೊಡ್ಡ ಹೆಸರೊಂದೇ ರಕ್ಷಣೆಯಲ್ಲವೆಂಬುದಕ್ಕೆ ಬೇರೆ ನಿದರ್ಶನ ಬೇಡ. ಈ ಭೇದವನ್ನೂ ಈ ಅಪಾಯವನ್ನೂ ಮೊದಲ ಅಧ್ಯಾಯಗಳಲ್ಲಿಯೇ ಸ್ಪಷ್ಟವಾಗಿ ತಿಳಿಸದ ಪುಸ್ತಕವು ಆರಂಭಕ್ಕೆ ಯೋಗ್ಯವಲ್ಲ.

ಪುಸ್ತಕವನ್ನು ಕೈಗೆತ್ತಿಕೊಂಡಾಗ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು. ಮೊದಲನೆಯದು, ಬರೆದವರು ಯಾರು? ತಮ್ಮ ಹೆಸರಿನ ತರಗತಿಗೋ ಗುಂಪಿಗೋ ಹಣ ಕಟ್ಟಿಸುವುದಕ್ಕಾಗಿ ಬರೆದವರೆ, ಅಥವಾ ವಿಷಯವನ್ನು ತಿಳಿಸುವುದಕ್ಕಾಗಿ ಬರೆದವರೆ? ಎರಡನೆಯದು, ನಷ್ಟದ ವಿಚಾರಕ್ಕೆ ಎಷ್ಟು ಪುಟಗಳುಂಟು? ಮೂರನೆಯದು, ಆಸ್ತಿ-ಹೊಣೆಗಳ ಪಟ್ಟಿ, ಲಾಭ-ನಷ್ಟದ ಲೆಕ್ಕ, ಸಾಲ, ಲಾಭಾಂಶ ಇವುಗಳನ್ನು ಓದುವ ಕ್ರಮವನ್ನು ಕಲಿಸುತ್ತದೆಯೆ? ನಾಲ್ಕನೆಯದು, ಯಾವ ವರ್ಷದ ಮುದ್ರಣ? ಈ ಕಡೆಯ ಪ್ರಶ್ನೆಯನ್ನು ಅಲ್ಪವೆಂದೆಣಿಸಬಾರದು. 1996ರ ಡಿಪಾಸಿಟರಿ ಕಾನೂನಿನ ತರುವಾಯ ಕಾಗದದ ಷೇರುಪತ್ರಗಳು ಹೋಗಿ ಡಿಮ್ಯಾಟ್ ಖಾತೆಗಳು ಬಂದುವು. 1963ರಲ್ಲಿ ಸ್ಥಾಪಿತವಾದ ಬೆಂಗಳೂರು ಷೇರು ವಿನಿಮಯ ಕೇಂದ್ರವು 2014ರಲ್ಲಿ ಮುಚ್ಚಿಹೋಯಿತು. 2024ರ ಜುಲೈಯಲ್ಲಿ ಷೇರು ಮಾರಾಟದ ಲಾಭದ ಮೇಲಣ ತೆರಿಗೆಯೂ ಬದಲಾಯಿತು: ಅಲ್ಪಾವಧಿಯ ಲಾಭಕ್ಕೆ ಶೇಕಡ 15 ಇದ್ದುದು 20 ಆಯಿತು, ದೀರ್ಘಾವಧಿಯದಕ್ಕೆ 10 ಇದ್ದುದು 12.5 ಆಯಿತು. ಹಳೆಯ ಪುಸ್ತಕದಿಂದ ತತ್ತ್ವವನ್ನು ಕಲಿಯಬಹುದು, ನಿಯಮವನ್ನು ಕಲಿಯಲಾಗದು.

ಇನ್ನು ಓದಿನ ಕ್ರಮ. ಮೊದಲಿಗೆ ಸೆಬಿಯವರು ಹೂಡಿಕೆದಾರರ ತಿಳಿವಳಿಕೆಗೆಂದು ಬೆಲೆಯಿಲ್ಲದೆ ಒದಗಿಸುವ ಕೈಪಿಡಿಯನ್ನು ಓದುವುದು ಲೇಸು. ಬ್ಯಾಂಕು, ವಿಮೆ, ಷೇರು, ವಂಚನೆಯ ಬಗೆಗಳು ಇವೆಲ್ಲವೂ ಅದರಲ್ಲಿ ಸರಳವಾಗಿ ಬಂದಿವೆ. ಆ ಬಳಿಕ, ಇಂಗ್ಲಿಷು ಓದಬಲ್ಲವರಿಗೆ ಪೀಟರ್ ಲಿಂಚ್ ಎಂಬವರ ‘ಒನ್ ಅಪ್ ಆನ್ ವಾಲ್ ಸ್ಟ್ರೀಟ್’ (1989) ಹಿತವಾದುದು. 1977ರಿಂದ 1990ರವರೆಗೆ ಅಮೆರಿಕದ ದೊಡ್ಡ ನಿಧಿಯೊಂದನ್ನು ನಡೆಸಿದ ಈತನು, ತಾನು ನಿತ್ಯವೂ ಕಾಣುವ ವಸ್ತುಗಳಿಂದಲೇ ಕಂಪೆನಿಯ ವಿಚಾರಣೆಯನ್ನಾರಂಭಿಸಬಹುದೆಂದು ತೋರಿಸುತ್ತಾನೆ. ಆದರೆ ಅದು ಆರಂಭ ಮಾತ್ರ. ಲೆಕ್ಕಪತ್ರಗಳನ್ನು ನೋಡದೆ ಕೊಳ್ಳಬಾರದೆಂಬುದೂ ಅವನ ಮಾತೇ. ಅನೇಕರು ಮೊದಲರ್ಧವನ್ನು ನೆನಪಿಟ್ಟು ಎರಡನೆಯದನ್ನು ಮರೆಯುತ್ತಾರೆ.

ಬೆಂಜಮಿನ್ ಗ್ರಹಾಮನ ‘ದಿ ಇಂಟೆಲಿಜೆಂಟ್ ಇನ್‌ವೆಸ್ಟರ್’ (1949) ಬಹು ಪ್ರಸಿದ್ಧವಾದುದು. ಅದನ್ನೇ ಮೊದಲು ಹಿಡಿಯಿರೆಂದು ಹಲವರು ಹೇಳುವರಾದರೂ ನಮ್ಮ ಅಭಿಪ್ರಾಯವು ಬೇರೆ. ಅಮೆರಿಕದ ಹಳೆಯ ರೈಲ್ವೆ ಕಂಪೆನಿಗಳ ಮತ್ತು ಸಾಲಪತ್ರಗಳ ಉದಾಹರಣೆಗಳಿಂದ ಹೊಸಬರು ಬೇಸತ್ತು ಪುಸ್ತಕವನ್ನು ಮುಚ್ಚಿಡುವ ಸಂಭವವುಂಟು. ಎರಡನೆಯ ವರ್ಷದಲ್ಲಿ 8ನೆಯ ಮತ್ತು 20ನೆಯ ಅಧ್ಯಾಯಗಳಿಂದ ಆರಂಭಿಸಿದರೆ ಸಾರವು ಸಿಕ್ಕೀತು. 8ನೆಯದರಲ್ಲಿ ಪೇಟೆಯನ್ನು ಪ್ರತಿದಿನವೂ ಬಂದು ಒಂದೊಂದು ಬೆಲೆ ಹೇಳುವ ಚಪಲಚಿತ್ತದ ಪಾಲುದಾರನಂತೆ ಚಿತ್ರಿಸಲಾಗಿದೆ. ಅಂಗಳಕ್ಕೆ ಬಂದ ವ್ಯಾಪಾರಿಯು ಹೇಳಿದ ದರಕ್ಕೆಲ್ಲ ಅಡಕೆಯನ್ನು ಕೊಟ್ಟುಬಿಡದ ನಮ್ಮವರಿಗೆ ಈ ಪಾಠವು ಬೇಗನೆ ಮನಸ್ಸಿಗೆ ಹತ್ತುವುದು. 20ನೆಯದರ ವಿಷಯವು ಲೆಕ್ಕ ತಪ್ಪಿದರೂ ಕೈಕಾಯುವಷ್ಟು ಅಂತರವನ್ನಿಟ್ಟು, ಬೆಲೆಬಾಳುವುದಕ್ಕಿಂತ ಕಡಮೆಗೆ ಕೊಳ್ಳುವುದು.

ತೋಟದ ಕೆಲಸದಿಂದ ಬಿಡುವಿಲ್ಲದವರಿಗೆ ಜಾನ್ ಬೋಗಲನ ‘ದಿ ಲಿಟಲ್ ಬುಕ್ ಆಫ್ ಕಾಮನ್ ಸೆನ್ಸ್ ಇನ್‌ವೆಸ್ಟಿಂಗ್’ (2007) ಒಂದೇ ಸಾಕಾದೀತು. ಒಂದೊಂದು ಕಂಪೆನಿಯನ್ನು ಹುಡುಕುವುದಕ್ಕೆ ಬದಲಾಗಿ ಇಡೀ ಪೇಟೆಯ ಪಾಲನ್ನು ಅಲ್ಪ ಖರ್ಚಿನಲ್ಲಿ ಕೊಂಡು ದೀರ್ಘಕಾಲ ಕಾಯಿರೆಂಬುದು ಅದರ ಬೋಧೆ. ನಮ್ಮ ದೇಶದಲ್ಲಿಯೂ ನಿಫ್ಟಿಯ 50 ಕಂಪೆನಿಗಳ ಸೂಚ್ಯಂಕವನ್ನನುಸರಿಸುವ ನಿಧಿಗಳುಂಟು. ಆದರೆ ಇವು ಮೂರೂ ಅಮೆರಿಕದ ಪುಸ್ತಕಗಳಾದುದರಿಂದ, ಅಲ್ಲಿಯ ತೆರಿಗೆ ಕಾನೂನುಗಳನ್ನು ನಮ್ಮವೆಂದು ಭ್ರಮಿಸಬಾರದು.

ಓದುವಾಗ ಪಕ್ಕದಲ್ಲಿ ಒಂದು ನೋಟುಪುಸ್ತಕವಿರಲಿ. ಮೊದಲ ಪುಸ್ತಕವನ್ನು ಮುಗಿಸಿ, ಒಂದು ಕಂಪೆನಿಯ ವಾರ್ಷಿಕ ವರದಿಯನ್ನು ಆದ್ಯಂತವಾಗಿ ಓದಿ, ಅದು ಹೇಗೆ ಸಂಪಾದಿಸುತ್ತದೆ, ಎಷ್ಟು ಸಾಲ ಹೊತ್ತಿದೆ ಎಂಬುದನ್ನು ಮನೆಯವರಿಗೆ ಅರ್ಥವಾಗುವಂತೆ ಹೇಳಲು ಶಕ್ತರಾಗುವವರೆಗೆ ಒಂದು ರೂಪಾಯಿಯನ್ನೂ ತೊಡಗಿಸದಿರುವುದು ಉತ್ತಮ ನಿಯಮ. ಸಾಲದ ಹಣವನ್ನೂ, ಮಕ್ಕಳ ವಿದ್ಯೆ ವಿವಾಹಗಳಿಗೆಂದು ಬೇಗನೆ ಬೇಕಾಗುವ ಹಣವನ್ನೂ ಎಂದಿಗೂ ತೊಡಗಿಸಬಾರದು.

ಮೇಲೆ ಹೇಳಿದ ಗೃಹಸ್ಥರ ಮಗಳು ಬ್ಯಾಂಕಿನ ಸಾಲದಿಂದ ಓದುತ್ತಿದ್ದಾಳೆ. ಈಗ ಅವರ ಮನೆಯಲ್ಲಿ ರಾತ್ರಿಯ ಊಟವಾದ ಮೇಲೆ ದಂಪತಿಗಳಿಬ್ಬರೂ ಕೂಡಿ ಕೆಲವು ಪುಟಗಳನ್ನೋದುವರು. ಗೃಹಿಣಿಯ ಪ್ರಶ್ನೆಗೆ ಉತ್ತರ ದೊರೆಯದ ದಿನ ಮುಂದಿನ ಪುಟವನ್ನು ತಿರುವುವುದಿಲ್ಲವಂತೆ. ಮೊದಲೇ ಹೀಗೆ ಓದಿದ್ದರೆ ಆ ಹಣವು ಉಳಿಯುತ್ತಿತ್ತು. ನಮ್ಮ ವಾಚಕರು ಆ ಬೆಲೆಯನ್ನು ತೆರದೆಯೇ ಈ ಅಭ್ಯಾಸವನ್ನು ಕೈಕೊಳ್ಳಲೆಂಬುದೇ ನಮ್ಮ ವಿಜ್ಞಾಪನೆ.