ಕಟ್‌ಆಫ್ ಪಟ್ಟಿಯಲ್ಲಿ ಯಾವ ಕಾಲಂ ನಿಮ್ಮದು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಪಿಯು ವಿಜ್ಞಾನ ಓದಿದವರು ಎಂಜಿನಿಯರಿಂಗ್ ಎಂದರೆ ಮೊದಲು ನೋಡುವುದು ದಾವಣಗೆರೆಯತ್ತ. ಅಲ್ಲಿ 1951ರ ಯುಬಿಡಿಟಿ ಇದೆ, 1979ರ ಬಿಐಇಟಿ ಇದೆ. ಮೊದಲನೆಯದು ವಿಟಿಯುವಿನದೇ ಘಟಕ ಕಾಲೇಜು, ಎರಡನೆಯದು ಖಾಸಗಿ. ಪದವಿ ಮಾತ್ರ ಎರಡರಲ್ಲೂ ಬೆಳಗಾವಿಯ ವಿಟಿಯುವಿನದು. ಹಾಗಾಗಿ ವಿಶ್ವವಿದ್ಯಾಲಯದ ಹೆಸರು ಹಿಡಿದು ಹೋಲಿಸಿದರೆ ಏನೂ ತಿಳಿಯದು, ಬ್ರಾಂಚಿನ ಮಟ್ಟಕ್ಕೆ ಇಳಿಯಬೇಕು. ನ್ಯಾಕ್ ದರ್ಜೆ ಇಡೀ ಕಾಲೇಜಿಗೆ. ಎನ್‌ಬಿಎ ಮಾನ್ಯತೆ ಒಂದೊಂದು ಬ್ರಾಂಚಿಗೆ. ಸಿವಿಲ್‌ಗೆ ಇದ್ದದ್ದು ಕಂಪ್ಯೂಟರ್ ಸೈನ್ಸ್‌ಗೆ ಇಲ್ಲದಿರಬಹುದು, ಅವಧಿ ಮುಗಿದೂ ಇರಬಹುದು.

ಪ್ಲೇಸ್‌ಮೆಂಟ್ ನೋಡಿದರೆ ಸಾಲದೇ? ನೋಡಿ, ಆದರೆ ಫ್ಲೆಕ್ಸಿನ ಮೇಲಿರುವ ಅತಿ ದೊಡ್ಡ ಪ್ಯಾಕೇಜು ಒಬ್ಬರೇ ಒಬ್ಬರ ಸಂಬಳ. ಕೇಂದ್ರದ ಶ್ರೇಯಾಂಕ ಪಟ್ಟಿಯಾದ ಎನ್‌ಐಆರ್‌ಎಫ್‌ಗೆ ಅರ್ಜಿ ಹಾಕಿದ ಕಾಲೇಜುಗಳು ಕೆಲಸ ಸಿಕ್ಕವರ ಸಂಖ್ಯೆ, ಸಾಲಿನ ನಟ್ಟನಡುವೆ ನಿಂತವರ ಸಂಬಳ ಎರಡನ್ನೂ ಕೊಟ್ಟಿರುತ್ತವೆ. ಸಿಇಟಿ ರ‍್ಯಾಂಕಿಗೆ ಸಿಗುವುದು ಸಿಗುತ್ತದೆ, ಹುಡುಕಿ ಏನು ಪ್ರಯೋಜನ ಎಂಬ ಮಾತೂ ಅರ್ಧ ಸತ್ಯ. ಸೀಟು ಹಂಚುವ ಕೆಇಎ ಕಟ್‌ಆಫ್ ಪಟ್ಟಿಯಲ್ಲಿ ಒಂದೇ ಬ್ರಾಂಚಿಗೆ 2ಎಜಿ, 2ಎಕೆ, 2ಎಆರ್ ಎಂಬ ಬೇರೆ ಬೇರೆ ಕಾಲಂಗಳಿವೆ. 2ಎ ಎಂಬುದು ಮೀಸಲಾತಿ ಪ್ರವರ್ಗ. ಜಿ ಎಂದರೆ ಆ ಪ್ರವರ್ಗದ ಸಾಮಾನ್ಯ ಸೀಟು, ಕೆ ಎಂದರೆ ಕನ್ನಡ ಮಾಧ್ಯಮ, ಆರ್ ಎಂದರೆ ಗ್ರಾಮೀಣ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರು ಜಿ ಕಾಲಂ ನೋಡಿ ಕೈಬಿಟ್ಟ ಸೀಟು ಆರ್ ಕಾಲಮ್ಮಿನಲ್ಲಿ ಕೈಗೆಟುಕಬಹುದು. ಅದಕ್ಕೆ ಶಾಲೆಯ ವ್ಯಾಸಂಗ ಪ್ರಮಾಣಪತ್ರದ ಮೇಲೆ ಬಿಇಒ ಮೇಲುಸಹಿ ಇರಬೇಕು.