ಕೂಡಿ ಕೊಂಡರೆ ಲಾಭ, ಬರೆದಿಟ್ಟರೆ ನೆಮ್ಮದಿ

ಕರಾವಳಿಯ ಮೀನುಗಾರರ ಮನೆಗಳಲ್ಲಿ ಮಳೆಗಾಲ ಅಂದರೆ ವರಮಾನ ನಿಂತು, ಖರ್ಚು ಮಾತ್ರ ಬಾಗಿಲಲ್ಲಿ ಬಂದು ಕೂರುವ ಕಾಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಕಟ್ಟಿದ ನಾಡದೋಣಿಗೂ ಇದೇ ನಿಯಮ. ದುಡಿಮೆ ಇಲ್ಲದ ಈ ಎರಡು ತಿಂಗಳಲ್ಲೇ ದೋಣಿಗೆ ಬಣ್ಣ ಆಗಬೇಕು, ಬಿರುಕು ಬಿಟ್ಟ ಕಡೆ ಫೈಬರ್ ಹಾಕಿಸಬೇಕು, ಬಲೆ ಸರಿ ಮಾಡಬೇಕು, ಹಳೆ ಹಗ್ಗ ಬದಲಿಸಬೇಕು. ಅದೇ ಹೊತ್ತಿಗೆ ಮಕ್ಕಳ ಶಾಲೆಯೂ ಶುರು!

ಆಗ ಸಾಮಾನ್ಯವಾಗಿ ಆಗುವುದೇನು? ಮನೆಯವರು ಪರಿಚಯದ ಅಂಗಡಿಗೆ ಹೋಗಿ ಸಾಮಾನು ಬರೆಸಿ ತರುತ್ತಾರೆ. ಸಾಲದಲ್ಲಿ ತಂದ ಮೇಲೆ ಚೌಕಾಸಿ ಮಾಡುವುದು ಹೇಗೆ? ಅಂಗಡಿಯವರು ಹೇಳಿದ್ದೇ ರೇಟು. ಸಾಲ ಕೊಟ್ಟವರು ಮೀನಿನ ವ್ಯಾಪಾರಿಯಾಗಿದ್ದರಂತೂ ಮುಗಿದೇ ಹೋಯಿತು. ಆಗಸ್ಟ್‌ನಲ್ಲಿ ಬಂದ ಮೀನನ್ನು ಅವರಿಗೇ ಕೊಡಬೇಕು, ಅವರು ಹೇಳಿದ ದರಕ್ಕೇ ಕೊಡಬೇಕು. ಹೀಗೆ ಮೀನು ಬಲೆಗೆ ಬೀಳುವ ಮೊದಲೇ ಅದರ ಬೆಲೆ ನಮ್ಮ ಕೈತಪ್ಪಿರುತ್ತದೆ.

ಇದರಿಂದ ಸ್ವಲ್ಪವಾದರೂ ಪಾರಾಗಲು ಒಂದು ದಾರಿಯಿದೆ. ಒಂದೇ ಕಡೆ ದೋಣಿ ಕಟ್ಟುವ ಐದಾರು ಮನೆಯವರು ಸೇರಿ ಸಾಮಾನನ್ನು ಒಟ್ಟಿಗೆ, ನಗದು ಕೊಟ್ಟು, ಸಗಟಿನಲ್ಲಿ ತರುವುದು. ನಮ್ಮ ಕರಾವಳಿಗೆ ಇದು ಹೊಸದೇನಲ್ಲ ಬಿಡಿ. ರಂಪಣಿ ಬಲೆಯ ಕಾಲ ನೆನಪಿದ್ದ ಹಿರಿಯರು ಮನೆಯಲ್ಲಿದ್ದರೆ ಕೇಳಿ ನೋಡಿ. ಹಲವು ಮನೆಗಳವರು ತಮ್ಮ ತಮ್ಮ ಪಾಲಿನ ಬಲೆತುಂಡು ತಂದು ಜೋಡಿಸಿ, ಒಟ್ಟಿಗೆ ಎಳೆದು, ಮೀನನ್ನು ಪಾಲು ಮಾಡಿಕೊಳ್ಳುತ್ತಿದ್ದರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಪಾಲಿನ ಲೆಕ್ಕ ಮಾತ್ರ ನಮ್ಮವರಿಗೆ ಇನ್ನೂ ಗೊತ್ತಿದೆ.

ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಹೋಗಬೇಡಿ. ಹಗ್ಗ, ಬಣ್ಣ, ಫೈಬರ್ ಕೆಲಸದ ರೆಸಿನ್ ಮತ್ತು ಮ್ಯಾಟ್, ಬಲೆಗೆ ಕಟ್ಟುವ ಸೀಸ ಇವೆಲ್ಲ ಎಲ್ಲ ದೋಣಿಗೂ ಬೇಕು, ಪಾಲು ಮಾಡುವುದೂ ಸುಲಭ. ಬಣ್ಣವನ್ನು ಒಂದೊಂದು ಲೀಟರಿನ ಡಬ್ಬದಲ್ಲಿ ತರುವುದಕ್ಕೂ 20 ಲೀಟರಿನ ಬಕೆಟ್‌ನಲ್ಲಿ ತರುವುದಕ್ಕೂ ಲೀಟರ್ ದರದಲ್ಲಿ ಎಷ್ಟು ಅಂತರ ಇರುತ್ತದೆ ಅಂತ ನೀವೇ ಅಂಗಡಿಯಲ್ಲಿ ಕೇಳಿ ನೋಡಿ. ಆದರೆ ಬಲೆಯ ವಿಷಯ ಬೇರೆ. ಬಂಗುಡೆಗೆ ಬಿಡುವ ಬಲೆಯ ಕಣ್ಣು ಅಂಜಲ್ ಮೀನಿಗೆ ಆಗುವುದಿಲ್ಲ. ಒಂದೇ ಕಣ್ಣಿನ, ಒಂದೇ ನೂಲಿನ ಬಲೆ ಬೇಕಾದವರು ಮೂರು ಜನ ಇದ್ದರೆ ಆ ಮೂವರೇ ಸೇರಲಿ. ಕಡಿಮೆಗೆ ಸಿಗುತ್ತದೆ ಅಂತ ಬೇಡದ ಬಲೆ ತಂದು ಅಟ್ಟದಲ್ಲಿಟ್ಟರೆ ಉಳಿತಾಯ ಎಲ್ಲಿಂದ ಬಂತು? ಇನ್ನು ಡೀಸೆಲ್. ಯಾಂತ್ರೀಕೃತ ದೋಣಿಗಳಿಗೆ ತೆರಿಗೆ ವಿನಾಯಿತಿಯಲ್ಲಿ ಸಿಗುವ ಡೀಸೆಲ್ ಆಯಾ ದೋಣಿಯ ಹೆಸರಿನದ್ದು, ಅದನ್ನು ಈ ಪಾಲಿನ ಲೆಕ್ಕಕ್ಕೆ ತರಲೇಬೇಡಿ.

ಈಗ ನಮ್ಮ ಕೆಲಸಕ್ಕೆ ಬರೋಣ. ಸಾಮಾನು ಆರಿಸುವುದು ಗಂಡಸರಿಗೆ ಬಿಡಿ, ಅದು ಅವರಿಗೆ ಗೊತ್ತು. ಲೆಕ್ಕದ ಪುಸ್ತಕ ಮಾತ್ರ ಹೆಂಗಸರ ಕೈಯಲ್ಲಿರಲಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಯಾಕೆ ಗೊತ್ತಾ? ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ ಶುರುವಾದದ್ದು 2000-01ರಲ್ಲಿ. ಅಂದಿನಿಂದ ಸ್ವಸಹಾಯ ಸಂಘಗಳಲ್ಲಿ ವಾರ ವಾರ ಉಳಿತಾಯ ಕಟ್ಟಿ, ಪುಸ್ತಕ ಬರೆದು, ಸಹಿ ಹಾಕಿ ನಮಗೆ ಅಭ್ಯಾಸ ಆಗಿಹೋಗಿದೆ. ಗಂಡಸರು ದಕ್ಕೆಯಲ್ಲಿ ನಿಂತು ಬಾಯಲ್ಲೇ ಲೆಕ್ಕ ಮುಗಿಸುತ್ತಾರೆ. ಆಮೇಲೆ ಜಗಳ ಬರುವುದು ಮನೆಗೆ.

ಗಂಗೊಳ್ಳಿಯಲ್ಲಿ ನಮ್ಮ ತವರುಮನೆಯ ಹತ್ತಿರದ ಅಕ್ಕ ಒಬ್ಬರು ಒಮ್ಮೆ ಹೇಳಿದ್ದರು: "ಸಾಮಾನು ತರುವಾಗ ಆರು ಜನ, ದುಡ್ಡು ಕೊಡುವಾಗ ಮೂರೇ ಜನ ಕಾಣುದು ಮಾರಾಯ್ತಿ." ಅವರ ಮನೆಯವರ ಹೆಸರಿನಲ್ಲಿ ಸಾಮಾನು ಬಂದಿತ್ತು. ಉಳಿದವರು "ನಾಳೆ ಕೊಡ್ತೇವೆ" ಅಂದರು. ಅಂಗಡಿಯವರು ಬಂದು ಕೇಳಿದ್ದು ಇವರನ್ನೇ. ಕೊನೆಗೆ ಅಕ್ಕನ ಎರಡು ಬಳೆ ಬ್ಯಾಂಕಿನಲ್ಲಿ ಅಡವು ಕೂತವು. ಸಾಮಾನು ಅಗ್ಗಕ್ಕೇ ಸಿಕ್ಕಿತ್ತು, ಅದರಲ್ಲಿ ಸುಳ್ಳಿಲ್ಲ.

ಹಾಗಾಗಿ ಎಲ್ಲರ ಪಾಲು ಕೈಗೆ ಬರುವವರೆಗೆ ಅಂಗಡಿಗೆ ಆರ್ಡರ್ ಹೋಗಬಾರದು. ಯಾರದ್ದು ಬಂದಿಲ್ಲವೋ ಅವರ ಪಾಲಿನ ಸಾಮಾನನ್ನು ಪಟ್ಟಿಯಿಂದ ತೆಗೆಯಿರಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ, ಒಂದು ವಾರದ ಬೇಸರ ಅದು. ಅಣ್ಣನಾಗಲಿ ಭಾವನಾಗಲಿ, ನಿಯಮ ಒಂದೇ ಇರಲಿ. ಈಗ ಫೋನಿನಲ್ಲೇ ದುಡ್ಡು ಹಾಕುತ್ತಾರಲ್ಲ, ಅದೂ ಒಳ್ಳೆಯದೇ, ತಾರೀಕು ಸಮೇತ ದಾಖಲೆ ಉಳಿಯುತ್ತದೆ. ಆದರೂ ಪುಸ್ತಕದಲ್ಲಿ ಬರೆದು ಸಹಿ ಮಾಡಿಸಿ. ಅಂಗಡಿಯಿಂದ ಪಕ್ಕಾ ಬಿಲ್ಲು ತನ್ನಿ, ಅದರ ಫೋಟೊ ಆರೂ ಮನೆಗೆ ಹೋಗಲಿ. ಬ್ಯಾಂಕಿಗೋ ಇಲಾಖೆಗೋ ಬಿಲ್ಲು ತೋರಿಸಬೇಕಾದವರು ತಮ್ಮ ಹೆಸರಿನ ಬಿಲ್ಲನ್ನೇ ಬೇರೆಯಾಗಿ ಕೇಳಿ.

ಒಂದು ಸಣ್ಣ ಲೆಕ್ಕ ಹಾಕೋಣ. ಆರು ಮನೆಯಿಂದ ತಲಾ 10,000 ಅಂತ 60,000 ರೂಪಾಯಿ ಸೇರಿತು ಅಂತಿಟ್ಟುಕೊಳ್ಳಿ. ಅಂಗಡಿಯವರು ನೂರಕ್ಕೆ ಐದು ಬಿಟ್ಟರೆ ಉಳಿದದ್ದು 3,000, ಅಂದರೆ ಮನೆಗೆ 500. ಟೆಂಪೊ ಬಾಡಿಗೆ 1,200 ಆದರೆ ಮನೆಗೆ 200 ಹೋಯಿತು, ಕೈಯಲ್ಲಿ ಉಳಿದದ್ದು 300. ಆದರೆ ಆ 10,000ವನ್ನು ನೀವು ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿಗೆ ತಂದಿದ್ದೀರಾ? ಎರಡು ತಿಂಗಳಿಗೆ ಬಡ್ಡಿಯೇ 600! ಲಾಭ ಹೋಗಿ 300 ನಷ್ಟ. ಬಡ್ಡಿಗೆ ತಂದು ರಿಯಾಯಿತಿ ಹಿಡಿಯುವುದು ಬೇಡವೇ ಬೇಡ. ಮೀನು ಬರುತ್ತಿರುವಾಗಲೇ ಶುರು ಮಾಡಿ. ಫೆಬ್ರವರಿಯಿಂದ ಮೇ ಕೊನೆಯವರೆಗೆ 17 ವಾರ. ವಾರಕ್ಕೆ 600 ತೆಗೆದಿಟ್ಟರೆ 10,200 ಆಗುತ್ತದೆ. 600 ಕಷ್ಟವಾದರೆ 300 ಇಡಿ, ಹಗ್ಗ ಮತ್ತು ಬಣ್ಣಕ್ಕೆ ಮಾತ್ರ ಸೇರಿಕೊಳ್ಳಿ. ಎಲ್ಲರೂ ಸಮ ಪಾಲೇ ಹಾಕಬೇಕು ಅಂತೇನಿಲ್ಲ, ಹಾಕಿದಷ್ಟಕ್ಕೆ ಸಾಮಾನು.

ಪಾಲು ಮಾಡುವಾಗ ತಕ್ಕಡಿ ಇರಲಿ. ಹಗ್ಗ ತೂಕದ ಮೇಲೆ ಮಾರಾಟ ಆಗುವುದರಿಂದ ದಪ್ಪ ನೋಡಿಕೊಳ್ಳಿ. ಒಂದೇ ಜಾತಿಯ ಹಗ್ಗದಲ್ಲಿ 12 ಮಿಲಿಮೀಟರಿನದ್ದಕ್ಕಿಂತ 14 ಮಿಲಿಮೀಟರಿನದ್ದು ಅಷ್ಟೇ ಉದ್ದಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ತೂಗುತ್ತದೆ. ಸ್ವಲ್ಪ ದಪ್ಪ ಬಂದರೂ ಉದ್ದ ಕಡಿಮೆ ಬೀಳುತ್ತದೆ, ಆಮೇಲೆ ನನಗೆ ಕಮ್ಮಿ ಬಂತು ಅಂತ ಮಾತು. ನೈಲಾನ್ ಬಲೆ, ಹಗ್ಗ ಎರಡನ್ನೂ ಬಿಸಿಲಿಗೆ ಬಿಡಬೇಡಿ, ಬಿಸಿಲಿಗೆ ಅವುಗಳ ಗಟ್ಟಿತನ ಹೋಗುತ್ತದೆ.

ಫೈಬರ್ ಕೆಲಸದ ಸಾಮಾನಿನ ಬಗ್ಗೆ ಮಾತ್ರ ದಯವಿಟ್ಟು ಗಮನವಿಟ್ಟು ಓದಿ. ರೆಸಿನ್ ಜೊತೆಗೆ ಕ್ಯಾಟಲಿಸ್ಟ್, ಆಕ್ಸಿಲರೇಟರ್ ಅಂತ ಎರಡು ದ್ರವ ಬರುತ್ತವೆ. ಕ್ಯಾಟಲಿಸ್ಟ್ ನೋಡಲು ಥೇಟ್ ನೀರು. ಪಾಲು ಮಾಡುವಾಗ ಕೈಗೆ ಸಿಗುವ ಕುಡಿಯುವ ನೀರಿನ ಖಾಲಿ ಬಾಟಲಿಗೆ ಸುರಿದು ಅಡುಗೆಮನೆಯ ಮೂಲೆಯಲ್ಲಿಟ್ಟರೆ ಏನಾಗಬಹುದು ಯೋಚಿಸಿ. ಶಾಲೆಯಿಂದ ಬಾಯಾರಿ ಬಂದ ಮಗು ಬಾಟಲಿ ಎತ್ತಿದರೆ? ಇದು ಗಂಟಲು, ಹೊಟ್ಟೆ ಸುಡುವ ವಸ್ತು. ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಹಾರಿದರೆ ಕೂಡಲೇ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ಡಾಕ್ಟರ ಹತ್ತಿರ ಓಡಿ. ಕ್ಯಾಟಲಿಸ್ಟ್ ಮತ್ತು ಆಕ್ಸಿಲರೇಟರ್ ಎರಡೇ ನೇರವಾಗಿ ಸೇರಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ, ಸಿಡಿಯಲೂಬಹುದು. ಆದ್ದರಿಂದ ಇವೆರಡನ್ನೂ ಪಾಲು ಮಾಡಲೇಬೇಡಿ. ಪ್ರತಿ ಮನೆಯವರೂ ಕಂಪನಿಯ ಸಣ್ಣ ಡಬ್ಬವನ್ನೇ ತರಲಿ, ನಾಲ್ಕು ಕಾಸು ಹೆಚ್ಚಾದರೆ ಆಗಲಿ. ಎರಡನ್ನೂ ಬೇರೆ ಬೇರೆ ಕಡೆ, ನೆರಳಲ್ಲಿ, ಒಲೆಯಿಂದ ದೂರ, ಬೀಗ ಹಾಕಿ ಇಡಿ. ಮನೆಯೊಳಗೆ ಇಡದಿದ್ದರೆ ಇನ್ನೂ ಉತ್ತಮ. ರೆಸಿನ್ ಕೂಡ ನಮ್ಮ ಸೆಕೆಗೆ ತಿಂಗಳುಗಟ್ಟಲೆ ಬಾಳುವುದಿಲ್ಲ, ಡ್ರಮ್ಮಿನಲ್ಲೇ ಗಟ್ಟಿಯಾಗಿಬಿಡುತ್ತದೆ. ಡ್ರಮ್ಮಿನ ಮೇಲಿನ ತಾರೀಕು ನೋಡಿ, ಕೆಲಸ ಹಿಡಿಯುವ ವಾರವಷ್ಟೇ ತನ್ನಿ.

ಐದಾರು ಮನೆಯ ಗುಂಪು ಒಂದೆರಡು ವರ್ಷ ಜಗಳವಿಲ್ಲದೆ ನಡೆದರೆ ಹತ್ತಿರದ ಮೀನುಗಾರರ ಸಹಕಾರಿ ಸಂಘದಲ್ಲಿ ಮಾತಾಡಿ ನೋಡಿ. ಕೇರಳದಲ್ಲಿ ಮತ್ಸ್ಯಫೆಡ್ 1984ರಿಂದ ಇದೆ, ಅದಕ್ಕೆ ತನ್ನದೇ ಬಲೆ ಕಾರ್ಖಾನೆಯೂ ಇದೆ. ತಿರುವನಂತಪುರದ ಸಿಫ್ಸ್ 1980ರಲ್ಲಿ ಹುಟ್ಟಿದ ಒಕ್ಕೂಟ. ಸಣ್ಣ ದೋಣಿಯವರ ಊರ ಸಂಘಗಳೇ ಸೇರಿ ಕಟ್ಟಿದ್ದು ಅದು. ಮೀನಿನ ಮಾರಾಟ, ಸಾಲ ಮತ್ತು ಉಳಿತಾಯ ಮೂರನ್ನೂ ಒಟ್ಟಿಗೆ ಜೋಡಿಸಿ ವ್ಯಾಪಾರಿಯ ಹಂಗು ತಪ್ಪಿಸುವುದೇ ಅದರ ಉದ್ದೇಶವಾಗಿತ್ತು. ನಮ್ಮಲ್ಲೂ ಸಂಘಗಳಿಗೇನು ಕಡಿಮೆಯಿಲ್ಲ, ಹೋಗಿ ಕೇಳುವವರು ಬೇಕು. ವಾರ್ಷಿಕ ಮಹಾಸಭೆಗೆ ಬರೀ ಗಂಡಸರನ್ನು ಕಳಿಸಿ ಸುಮ್ಮನಿರಬೇಡಿ, ನಿಮ್ಮ ಹೆಸರಿನಲ್ಲೂ ಒಂದು ಷೇರು ಮಾಡಿಸಿ.

ಹಾಂ, ಖಾಲಿ ಡ್ರಮ್ಮಿನ ವಿಷಯ. ರೆಸಿನ್ ಡ್ರಮ್ಮನ್ನು ಎಷ್ಟು ತೊಳೆದರೂ ನೀರು ತುಂಬಿಡಲು, ಅಕ್ಕಿ ಹಾಕಲು ಉಪಯೋಗಿಸಬಾರದು. ಗುಜರಿಗೆ ಕೊಡಿ, ಬಂದ ದುಡ್ಡನ್ನು ಪುಸ್ತಕದಲ್ಲಿ ಬರೆದು ಆರು ಪಾಲು ಮಾಡಿ.